ಕುವೈತ್ ಮೇಲೆ ಇರಾಕ್ ಏರಿಹೋದದ್ದೇಕೆ?

1990ರ ಆಗಸ್ಟ್ 2ರ ನಸುಕಿನಲ್ಲಿ ಇರಾಕಿನ ಟ್ಯಾಂಕುಗಳು ಕುವೈತಿಗೆ ನುಗ್ಗಿದಾಗ ಬಾಗ್ದಾದ್ ಕೊಟ್ಟ ಕಾರಣ ಒಂದೇ: ಅಲ್ಲಿನ ಕ್ರಾಂತಿಕಾರಿ ಯುವಕರು ಅರಸನನ್ನು ಇಳಿಸಿ ನೆರವು ಕೇಳಿದ್ದಾರೆ. ಆಗಸ್ಟ್ 8ಕ್ಕೆ ಆ ಮಾತು ಬಿದ್ದುಹೋಗಿ ‘ವಿಲೀನ’ದ ಘೋಷಣೆ ಬಂತು. 28ರಂದು ಕುವೈತ್ ಇರಾಕಿನ ಹತ್ತೊಂಬತ್ತನೆಯ ಪ್ರಾಂತ್ಯ ಎನಿಸಿಕೊಂಡಿತು. ತಿಂಗಳೊಳಗೆ ಸಮರ್ಥನೆ ಎರಡು ಬಾರಿ ಬದಲಾಗಿತ್ತು.

ನಿಜವಾದ ಕಾರಣ ಸಾಲ. ಇರಾನಿನೊಂದಿಗಿನ ಎಂಟು ವರ್ಷಗಳ ಯುದ್ಧ 1988ರಲ್ಲಿ ನಿಂತಾಗ ಇರಾಕಿನ ಬೊಕ್ಕಸ ಬರಿದಾಗಿತ್ತು. ಕುವೈತ್ ಒಂದಕ್ಕೇ 1,000 ಕೋಟಿ ಡಾಲರಿಗೂ ಮೇಲೆ ಕೊಡಬೇಕಿತ್ತು. ಅರಬರೆಲ್ಲರ ಪರವಾಗಿ ತನ್ನವರು ರಕ್ತ ಸುರಿಸಿದ್ದಾರೆ, ಇನ್ನು ಸಾಲವೆಲ್ಲಿಯದು ಎಂಬುದು ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನರ ವಾದ. ಕುವೈತ್ ಸಾಲ ಮನ್ನಾ ಮಾಡಲಿಲ್ಲ. ಅಷ್ಟೇ ಅಲ್ಲ, ತೈಲ ರಫ್ತು ದೇಶಗಳ ಕೂಟ ಒಪೆಕ್ ಗೊತ್ತುಮಾಡಿದ ಮಿತಿ ಮೀರಿ ತೈಲ ಎತ್ತುತ್ತಲೇ ಇತ್ತು. ವರ್ಷದ ಆರಂಭದಲ್ಲಿ 20 ಡಾಲರಿನ ಆಸುಪಾಸಿನಲ್ಲಿದ್ದ ಬ್ಯಾರೆಲ್ ಬೆಲೆ ಜೂನ್ ಹೊತ್ತಿಗೆ ಸುಮಾರು 14ಕ್ಕೆ ಇಳಿಯಿತು. ತೈಲವೊಂದನ್ನೇ ನಂಬಿದ್ದ ದೇಶಕ್ಕೆ ಅದು ದೊಡ್ಡ ಪೆಟ್ಟು. ಜುಲೈಯಲ್ಲಿ ಇರಾಕಿನ ವಿದೇಶಾಂಗ ಸಚಿವ ತಾರಿಕ್ ಅಜೀಜ್ ಅರಬ್ ಲೀಗಿಗೆ ಬರೆದ ಪತ್ರದಲ್ಲೂ ಇದೇ ದೂರು. ಗಡಿಯ ರುಮೈಲಾ ನಿಕ್ಷೇಪದಿಂದ ಕುವೈತ್ ತೈಲ ಕದಿಯುತ್ತಿದೆ ಎಂಬ ಆರೋಪವೂ ಅದರಲ್ಲಿತ್ತು.

ಸಮುದ್ರದ ಆಸೆಯೂ ಇತ್ತು. ಇರಾನ್ ಯುದ್ಧದಲ್ಲಿ ಮುಳುಗಿದ ಹಡಗುಗಳು ಇರಾಕಿಗೆ ಸಮುದ್ರದ ದಾರಿಯಾಗಿದ್ದ ಶತ್ ಅಲ್ ಅರಬ್ ನದಿಯನ್ನು ಮುಚ್ಚಿದ್ದವು. ಉಳಿದ ಉಮ್ ಕಸರ್ ಬಂದರಿನ ಬಾಯಲ್ಲೇ ಕುವೈತಿನ ವರ್ಬಾ, ಬುಬಿಯಾನ್ ದ್ವೀಪಗಳು.

ಕುವೈತ್ ಒಟ್ಟೊಮನ್ನರ ಬಸ್ರಾ ಪ್ರಾಂತ್ಯದ ಭಾಗವಾಗಿತ್ತು ಎಂಬ ಹಕ್ಕೊತ್ತಾಯ ಹಳೆಯದು. 1961ರಲ್ಲಿ ಕುವೈತ್ ಸ್ವತಂತ್ರವಾದಾಗಲೂ ಇರಾಕಿನ ಆಗಿನ ಪ್ರಧಾನಿ ಕಾಸಿಂ ಅದನ್ನೇ ಎತ್ತಿದ್ದರು. ಆದರೆ 1963ರಲ್ಲಿ ಇರಾಕ್ ತಾನಾಗಿಯೇ ಕುವೈತಿನ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತ್ತು. ಆದ್ದರಿಂದ ಇತಿಹಾಸ ಇಲ್ಲಿ ದಾಳಿಯ ಪ್ರೇರಣೆಯಲ್ಲ, ಆಮೇಲೆ ಹೊದಿಸಿದ ಮುಸುಕು.

ಯಾರೂ ತಡೆಯಲಾರರು ಎಂಬ ಲೆಕ್ಕಾಚಾರವೂ ಸೇರಿಕೊಂಡಿತು. ಅರಬರ ಗಡಿ ತಕರಾರುಗಳಲ್ಲಿ ಅಮೆರಿಕಕ್ಕೆ ಯಾವ ನಿಲುವೂ ಇಲ್ಲವೆಂದು ರಾಯಭಾರಿ ಏಪ್ರಿಲ್ ಗ್ಲಾಸ್ಪಿ ಜುಲೈ 25ರಂದು ಸದ್ದಾಂಗೆ ಹೇಳಿದ್ದರು. ಸೌದಿಯ ಜೆದ್ದಾದಲ್ಲಿ ಇರಾಕ್, ಕುವೈತ್ ನಡೆಸಿದ ಮಾತುಕತೆ ಆಗಸ್ಟ್ 1ರಂದು ಮುರಿಯಿತು. ಮರುದಿನವೇ ದಾಳಿ.

ಬೆಲೆ ತೆತ್ತವರಲ್ಲಿ ಅರಬರಲ್ಲದವರೂ ಇದ್ದರು. ದುಡಿಮೆಗೆಂದು ಹೋಗಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಕೆಲಸ, ಉಳಿತಾಯ ಎರಡನ್ನೂ ಬಿಟ್ಟು ಹೊರಟರು. ಮಂಗಳೂರು, ಉಡುಪಿ ಕಡೆಯವರೂ ಅವರಲ್ಲಿದ್ದರು. ಬಹುತೇಕರನ್ನು ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು ಕರೆತಂದವು.

1991ರ ಫೆಬ್ರವರಿಯಲ್ಲಿ ಅಮೆರಿಕ ನೇತೃತ್ವದ ಮಿತ್ರಪಡೆಗಳ ಎದುರು ಸೋತ ಇರಾಕಿ ಸೇನೆ ಆರುನೂರಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟು ಹಿಮ್ಮೆಟ್ಟಿತು. ಸಾಲ ತೀರಿಸಲಾಗದೆ ನೆರೆಯವನ ಮೇಲೆ ಬಿದ್ದ ದೇಶಕ್ಕೆ ವಿಶ್ವಸಂಸ್ಥೆ ವಿಧಿಸಿದ ಪರಿಹಾರ 5,240 ಕೋಟಿ ಡಾಲರ್. ಕೊನೆಯ ಕಂತು ಸಂದಾಯವಾದದ್ದು 2022ರಲ್ಲಿ.