ಆಕ್ಸಲ್ ಬೂಟ್

ಆಕ್ಸಲ್ ಬೂಟ್ ಎಂಬುದು ಮುಂಚಕ್ರ ಚಾಲನೆಯ ಕಾರುಗಳಲ್ಲಿ ಗೇರ್ ಪೆಟ್ಟಿಗೆಯಿಂದ ಚಕ್ರಕ್ಕೆ ಶಕ್ತಿಯನ್ನು ಒಯ್ಯುವ ದಂಡದ ಎರಡೂ ತುದಿಗಳಲ್ಲಿರುವ ಸಂಧಿಗಳನ್ನು ಮುಚ್ಚುವ, ಮಡಿಕೆಗಳುಳ್ಳ ರಬ್ಬರಿನ ಹೊದಿಕೆ. ಇದನ್ನು ಸಿ.ವಿ. ಬೂಟ್, ಡ್ರೈವ್ ಶಾಫ್ಟ್ ಬೂಟ್ ಎಂದೂ ಕರೆಯುತ್ತಾರೆ. ಸಂಧಿಯೊಳಗಿನ ಗ್ರೀಸ್ ಹೊರಹೋಗದಂತೆ ಹಿಡಿದಿಡುವುದು, ಹೊರಗಿನ ಧೂಳು ಮತ್ತು ನೀರು ಒಳಹೋಗದಂತೆ ತಡೆಯುವುದು ಇದರ ಕೆಲಸ. ಬೂಟ್ ಹರಿದರೂ ಕಾರು ಕೂಡಲೇ ಕೆಡುವುದಿಲ್ಲ, ಚಾಲಕನಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಅಲ್ಪ ಬೆಲೆಯ ಈ ರಬ್ಬರಿನ ತುಂಡನ್ನು ಅಲಕ್ಷಿಸಿ, ಅದಕ್ಕಿಂತ ಹಲವು ಪಟ್ಟು ಬೆಲೆಯ ಸಂಧಿಯನ್ನು ಕಳೆದುಕೊಳ್ಳುವುದು ಹಳೆಯ ಕಾರುಗಳ ಮಾಲೀಕರಲ್ಲಿ ಸಾಮಾನ್ಯವಾಗಿರಲು ಇದೇ ಕಾರಣ.

ಹೆಸರು

ಪಾದವನ್ನು ಮುಚ್ಚುವ ಬೂಟಿನಂತೆ ಸಂಧಿಯನ್ನು ಮುಚ್ಚುವುದರಿಂದ ಈ ಹೆಸರು ಬಂದಿದೆ. ಬ್ರಿಟನ್ನಿನಲ್ಲಿ ಇದಕ್ಕೆ ಗೈಟರ್ ಎಂಬ ಹೆಸರು ಹೆಚ್ಚು ರೂಢಿಯಲ್ಲಿದೆ. ಅಲ್ಲಿ ಕಾರಿನ ಬೂಟ್ ಎಂದರೆ ನಾವು ಡಿಕ್ಕಿ ಎನ್ನುವ ಸಾಮಾನಿನ ಜಾಗ. ಹಳೆಯ ಕೈಪಿಡಿಗಳನ್ನು ಓದುವವರು ಈ ವ್ಯತ್ಯಾಸವನ್ನು ನೆನಪಿಡಬೇಕು. ಆಕಾರದಲ್ಲಿ ಇದು ಹಾರ್ಮೋನಿಯಂನ ತಿದಿಯನ್ನು ಹೋಲುತ್ತದೆ. ಒಂದು ತುದಿ ಅಗಲವಾಗಿದ್ದು ಸಂಧಿಯ ಬಟ್ಟಲನ್ನು ಅಪ್ಪಿಕೊಳ್ಳುತ್ತದೆ. ಕಿರಿದಾದ ಇನ್ನೊಂದು ತುದಿ ದಂಡವನ್ನು ಹಿಡಿಯುತ್ತದೆ. ಎರಡನ್ನೂ ಲೋಹದ ಪಟ್ಟಿಗಳಿಂದ, ಅಂದರೆ ಕ್ಲ್ಯಾಂಪುಗಳಿಂದ ಬಿಗಿದಿರುತ್ತಾರೆ.

ಹಿನ್ನೆಲೆ

ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳು ಕಾರನ್ನು ತಳ್ಳುವ ಪದ್ಧತಿಯಲ್ಲಿ, ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಶಿಲುಬೆಯಾಕಾರದ ಸಾಧಾರಣ ಯೂನಿವರ್ಸಲ್ ಸಂಧಿಗಳು ಸಾಕಾಗುತ್ತವೆ. ಆದರೆ ಆ ಸಂಧಿಗೆ ಒಂದು ದೋಷವಿದೆ. ದಂಡಗಳು ಕೋನದಲ್ಲಿದ್ದಾಗ, ಒಳಬರುವ ದಂಡ ಸಮವೇಗದಲ್ಲಿ ತಿರುಗುತ್ತಿದ್ದರೂ ಹೊರಹೋಗುವ ದಂಡದ ವೇಗ ಪ್ರತಿ ಸುತ್ತಿಗೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಕೋನ ಹೆಚ್ಚಿದಷ್ಟೂ ಈ ಏರಿಳಿತ ಹೆಚ್ಚುತ್ತದೆ. ಮುಂದಿನ ಚಕ್ರಗಳು ಕಾರನ್ನು ಎಳೆಯುವುದರ ಜೊತೆಗೆ ಎಡಬಲಕ್ಕೂ ತಿರುಗಬೇಕಾದುದರಿಂದ ಅಲ್ಲಿ ಈ ದೋಷವನ್ನು ಸಹಿಸುವಂತಿಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು ಸಿ.ವಿ. ಜಾಯಿಂಟ್ ಅಥವಾ ಸ್ಥಿರವೇಗ ಸಂಧಿ. 1920ರ ದಶಕದಲ್ಲಿ ಫ್ರಾನ್ಸಿನ ಪಿಯರ್ ಫೆನಾಯ್ ಮತ್ತು ಜಾನ್ ಆಲ್ಬರ್ಟ್ ಗ್ರೆಗ್ವಾರ್ ಅವರು ಟ್ರಾಕ್ಟಾ ಎಂಬ ಸಂಧಿಯನ್ನೂ, ಅಮೆರಿಕದ ಆಲ್ಫ್ರೆಡ್ ರ್ಜೆಪ್ಪಾ ಅವರು ಉಕ್ಕಿನ ಗುಂಡುಗಳನ್ನು ಬಳಸುವ ಸಂಧಿಯನ್ನೂ ರೂಪಿಸಿದರು. 1959ರಲ್ಲಿ ಬ್ರಿಟನ್ನಿನಲ್ಲಿ ಬಂದ ಮಿನಿ ಕಾರು ರ್ಜೆಪ್ಪಾ ಮಾದರಿಯ ಸಂಧಿಯನ್ನು ಬಳಸಿತು. ಅಲ್ಲಿಂದ ಮುಂದೆ ಸಣ್ಣ ಕಾರುಗಳಲ್ಲಿ ಈ ವ್ಯವಸ್ಥೆ ವ್ಯಾಪಕವಾಯಿತು.

ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಎರಡೂ ಹಿಂಚಕ್ರ ಚಾಲನೆಯವು. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800, ಮುಂಚಕ್ರ ಚಾಲನೆಯನ್ನು ಇಲ್ಲಿನ ಜನಸಾಮಾನ್ಯರ ಬಳಕೆಗೆ ತಂದಿತು. ಅಂಬಾಸಿಡರಿನ ಕೆಳಗೆ ಮಲಗಿ ಪಳಗಿದ್ದ ಮೆಕ್ಯಾನಿಕ್ಕುಗಳಿಗೆ ಆಕ್ಸಲ್ ಬೂಟ್ ಎಂಬ ಹೊಸ ಭಾಗದ ನಿತ್ಯ ಪರಿಚಯವಾದದ್ದು ಬಹುಮಟ್ಟಿಗೆ ಈ ಕಾರಿನ ಮೂಲಕ. 2014ರ ಆರಂಭದಲ್ಲಿ ಅದರ ತಯಾರಿಕೆ ನಿಂತಿತು.

ರಚನೆ ಮತ್ತು ಕಾರ್ಯ

ಪ್ರತಿ ಮುಂಚಕ್ರದ ದಂಡಕ್ಕೆ ಎರಡು ಸಂಧಿಗಳಿರುತ್ತವೆ. ಚಕ್ರದ ಕಡೆಯದು ಹೊರಸಂಧಿ. ಸಾಮಾನ್ಯವಾಗಿ ಇದು ರ್ಜೆಪ್ಪಾ ಮಾದರಿಯದು: ಬಟ್ಟಲಿನಂತಹ ಹೊರಭಾಗ, ಅದರೊಳಗೊಂದು ಒಳಭಾಗ, ಎರಡರ ನಡುವಿನ ಕಾಲುವೆಗಳಲ್ಲಿ ಆರು ಉಕ್ಕಿನ ಗುಂಡುಗಳು, ಗುಂಡುಗಳನ್ನು ಸರಿಯಾದ ಸ್ಥಾನದಲ್ಲಿ ಹಿಡಿಯುವ ಒಂದು ಪಂಜರ. ಇದು ಸುಮಾರು 45 ಡಿಗ್ರಿಯವರೆಗೆ ಬಾಗಬಲ್ಲದು. ಗೇರ್ ಪೆಟ್ಟಿಗೆಯ ಕಡೆಯದು ಒಳಸಂಧಿ. ಇದು ಹೆಚ್ಚು ಬಾಗಬೇಕಾಗಿಲ್ಲ, ಆದರೆ ಚಕ್ರ ಹಳ್ಳದಿಣ್ಣೆಗಳಲ್ಲಿ ಮೇಲೆ ಕೆಳಗೆ ಆಡುವಾಗ ದಂಡದ ಉದ್ದ ಹೆಚ್ಚುಕಡಿಮೆಯಾಗುವಂತೆ ಒಳಹೊರಗೆ ಜಾರಬೇಕು. ಆದುದರಿಂದ ಅನೇಕ ಕಾರುಗಳಲ್ಲಿ ಇಲ್ಲಿ ಮೂರು ಉರುಳೆಗಳ ಟ್ರೈಪಾಡ್ ಸಂಧಿ ಇರುತ್ತದೆ.

ಬೂಟ್ ಮಾಡುವ ಕೆಲಸದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮಾರುತಿ 800ರ 12 ಅಂಗುಲದ ಚಕ್ರ, ಟೈರೂ ಸೇರಿ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಸಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ 600ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸಂಧಿ ಬಾಗಿರುವಾಗ ಬೂಟಿನ ಪ್ರತಿ ಮಡಿಕೆಯೂ ಒಂದೊಂದು ಸುತ್ತಿಗೆ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ.

ಹರಿಯಲು ಕಾರಣಗಳು

ಮುಖ್ಯ ಕಾರಣ ವಯಸ್ಸು. ಗಾಳಿಯಲ್ಲಿನ ಓಝೋನ್, ಎಂಜಿನ್ನಿನ ಶಾಖ ಮತ್ತು ಎಡೆಬಿಡದ ಬಾಗುವಿಕೆಯಿಂದ ರಬ್ಬರು ಗಡಸಾಗಿ, ಮಡಿಕೆಗಳ ತಗ್ಗಿನಲ್ಲಿ ಮೊದಲು ಕೂದಲೆಳೆಯಂತಹ ಬಿರುಕುಗಳು ಕಾಣಿಸುತ್ತವೆ. ಹೆಚ್ಚು ಬಾಗುವ ಹೊರಬೂಟ್ ಒಳಬೂಟಿಗಿಂತ ಬೇಗ ಹರಿಯುತ್ತದೆ. ತಿಂಗಳುಗಟ್ಟಲೆ ನಿಂತಲ್ಲೇ ನಿಂತ ಕಾರಿನ ಬೂಟ್ ಕೂಡ ಗಡಸಾಗುತ್ತದೆ. ಕಡಿಮೆ ಓಡಿದ ಕಾರು ಎಂಬ ಕಾರಣಕ್ಕೆ ಅದನ್ನು ನಂಬುವಂತಿಲ್ಲ. ಸಡಿಲಗೊಂಡ ಕ್ಲ್ಯಾಂಪ್, ಹಾರಿ ಬಡಿಯುವ ಜಲ್ಲಿಕಲ್ಲು, ರಸ್ತೆಯಲ್ಲಿ ಬಿದ್ದ ತಂತಿ, ನಿಲ್ಲಿಸಿದ ಕಾರಿನೊಳಗೆ ಸೇರುವ ಇಲಿ ಇವೂ ಬೂಟಿಗೆ ಅಪಾಯಕಾರಿ.

ಕರ್ನಾಟಕದ ಗ್ರಾಮೀಣ ರಸ್ತೆಗಳಲ್ಲಿ ಇನ್ನೊಂದು ಕಾರಣವನ್ನೂ ಗಮನಿಸಬೇಕು. ಸುಗ್ಗಿಯ ಕಾಲದಲ್ಲಿ ಹುರುಳಿ, ರಾಗಿ ಮೊದಲಾದ ಪೈರನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ, ವಾಹನಗಳ ಚಕ್ರಗಳಿಂದ ಒಕ್ಕಣೆ ಮಾಡಿಸಿಕೊಳ್ಳುವ ರೂಢಿ ಇದೆ. ಹುರುಳಿಯ ಬಳ್ಳಿ ಬಹಳ ಗಟ್ಟಿ. ತಿರುಗುವ ದಂಡಕ್ಕೆ ಅದು ಹಗ್ಗದಂತೆ ಸುತ್ತಿಕೊಂಡು ಬೂಟನ್ನು ಉಜ್ಜಿ ಹರಿಯಬಹುದು. ಬಿಸಿಯಾದ ಭಾಗಗಳಿಗೆ ತಾಗಿ ಬೆಂಕಿ ಹೊತ್ತಿದ ಪ್ರಸಂಗಗಳೂ ಇವೆ. ಇಂತಹ ರಸ್ತೆಯನ್ನು ದಾಟಿದ ಮೇಲೆ ಕಾರನ್ನು ನಿಲ್ಲಿಸಿ, ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು.

ಹರಿದಿರುವುದರ ಲಕ್ಷಣಗಳು

ತಿರುಗುವ ರಭಸಕ್ಕೆ ಗ್ರೀಸ್ ಸೀಳಿನ ಮೂಲಕ ಹೊರಕ್ಕೆ ಎರಚಲ್ಪಡುತ್ತದೆ. ಚಕ್ರದ ಒಳಮೈಯಲ್ಲಿ, ಸಸ್ಪೆನ್ಷನ್ನಿನ ತೋಳಿನ ಮೇಲೆ ಅಥವಾ ಬ್ರೇಕಿನ ಸುತ್ತ ಕಪ್ಪು ಗ್ರೀಸಿನ ಪಟ್ಟೆ ಕಂಡರೆ ಅದೇ ಮೊದಲ ಸೂಚನೆ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿದರೆ ಹೊರಬೂಟಿನ ಮಡಿಕೆಗಳು ತೆರೆದುಕೊಂಡು, ಜ್ಯಾಕಿನ ನೆರವಿಲ್ಲದೆಯೇ ಬಿರುಕುಗಳು ಕಾಣುತ್ತವೆ.

ಎರಡನೆಯ ಹಂತ ಶಬ್ದ. ಗ್ರೀಸ್ ಕಳೆದುಕೊಂಡ ಸಂಧಿಗೆ ಮರಳು ಮತ್ತು ನೀರು ಸೇರಿದಾಗ ಅವು ಅರೆಯುವ ಪುಡಿಯಂತೆ ವರ್ತಿಸಿ ಕಾಲುವೆಗಳನ್ನು ಸವೆಸುತ್ತವೆ. ಪೂರ್ತಿ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹೊರಸಂಧಿಯಿಂದ ಕಟಕಟ ಸದ್ದು ಕೇಳಿಸುತ್ತದೆ. ಒಳಸಂಧಿ ಸವೆದಿದ್ದರೆ ಸದ್ದಿಗಿಂತ ಹೆಚ್ಚಾಗಿ, ನೇರ ರಸ್ತೆಯಲ್ಲಿ ವೇಗ ಹೆಚ್ಚಿಸುವಾಗ ನಡುಕ ಅನುಭವಕ್ಕೆ ಬರುತ್ತದೆ.

ಮೂರನೆಯ ಹಂತದಲ್ಲಿ ಸಂಧಿ ಒಡೆಯಬಹುದು. ಸಾಧಾರಣ ಡಿಫರೆನ್ಷಿಯಲ್ ಇರುವ ಕಾರಿನಲ್ಲಿ ಒಂದು ಕಡೆಯ ಸಂಧಿ ಒಡೆದರೆ, ಇನ್ನೊಂದು ಕಡೆ ಸರಿಯಾಗಿದ್ದರೂ ಕಾರು ಚಲಿಸುವುದಿಲ್ಲ. ಶಕ್ತಿಯೆಲ್ಲ ತಡೆಯಿಲ್ಲದ ಕಡೆಗೆ ಹರಿದು ದಂಡ ಬರಿದೇ ಸುತ್ತುತ್ತದೆ. ಅದೇ ಕಾರಣದಿಂದ, ಗೇರಿನಲ್ಲಿ ನಿಲ್ಲಿಸಿದ ಕಾರು ಇಳಿಜಾರಿನಲ್ಲಿ ಜಾರಬಹುದು. ಹಿಂಚಕ್ರಗಳ ಹ್ಯಾಂಡ್ ಬ್ರೇಕ್ ಮಾತ್ರ ಅದನ್ನು ಹಿಡಿಯಬಲ್ಲದು. ಘಾಟಿ ರಸ್ತೆಯಲ್ಲಿ ಹೀಗಾದರೆ ಆಗುವ ಅಪಾಯವನ್ನು ವಿವರಿಸಬೇಕಾಗಿಲ್ಲ.

ಬೂಟ್ ಮಾತ್ರವೇ, ಸಂಧಿಯೂ ಸೇರಿಯೇ?

ಇದನ್ನು ನಿರ್ಧರಿಸುವುದು ಬೂಟ್ ಹರಿದು ಎಷ್ಟು ಕಾಲವಾಯಿತು ಎಂಬುದು. ಬಿರುಕು ಮಾತ್ರ ಇದ್ದು ಗ್ರೀಸ್ ಇನ್ನೂ ಒಳಗಿದ್ದರೆ, ಅಥವಾ ಇತ್ತೀಚೆಗೆ ಹರಿದು ಶಬ್ದ ಬಾರದಿದ್ದರೆ, ಸಂಧಿಯನ್ನು ತೊಳೆದು ಹೊಸ ಗ್ರೀಸ್ ತುಂಬಿ ಬೂಟ್ ಬದಲಾಯಿಸಿದರೆ ಸಾಕು. ಕಟಕಟ ಸದ್ದು ಆರಂಭವಾಗಿದ್ದರೆ ಸವೆತ ಆಗಲೇ ನಡೆದುಹೋಗಿದೆ. ಹೊಸ ಗ್ರೀಸ್ ಹಾಕಿದರೆ ಸದ್ದು ಹೋಗುತ್ತದೆ ಎಂದು ಕೆಲವರು ಹೇಳುವುದುಂಟು. ಕೆಲವು ದಿನ ತಗ್ಗಬಹುದು, ಸವೆದ ಉಕ್ಕು ಮರಳಿ ಬರುವುದಿಲ್ಲ. ಆಗ ಸಂಧಿಯನ್ನು ಅಥವಾ ಇಡೀ ದಂಡವನ್ನು ಬದಲಾಯಿಸುವುದೇ ಸರಿ. ಈ ಕೆಲಸದಲ್ಲಿ ಬೂಟಿನ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚು. ಆದುದರಿಂದ ದಂಡ ಹೊರಗಿರುವಾಗ ಅದರ ಎರಡೂ ಬೂಟುಗಳನ್ನು ಒಟ್ಟಿಗೆ ಬದಲಾಯಿಸುವುದು ಲಾಭಕರ.

ಬದಲಾಯಿಸುವ ವಿಧಾನ

ಕಾರು ಸಮತಟ್ಟಾದ ನೆಲದ ಮೇಲಿರುವಾಗ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲು, ಚಕ್ರದ ನಡುವಿನ ದೊಡ್ಡ ಆಕ್ಸಲ್ ನಟ್ಟನ್ನು ಮೊದಲು ಸಡಿಲಿಸಬೇಕು. ಕಾರನ್ನು ಎತ್ತಿದ ಮೇಲೆ ಇದಕ್ಕೆ ಬಲ ಹಾಕುವುದು ಅಪಾಯಕರ. ನಟ್ಟಿನಲ್ಲಿ ಸ್ಪ್ಲಿಟ್ ಪಿನ್ ಇದ್ದರೆ ಅದನ್ನು ತೆಗೆಯಬೇಕು. ನಟ್ಟಿನ ಅಂಚನ್ನು ದಂಡದ ತಗ್ಗಿಗೆ ಬಡಿದು ಕೂರಿಸಿದ್ದರೆ ಅದನ್ನು ಮೇಲೆಬ್ಬಿಸಬೇಕು. ಅನಂತರ ಕಾರನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರಿಯ ಜ್ಯಾಕನ್ನು ನಂಬಿ ಕೆಳಗೆ ಹೋಗಬಾರದು.

ಚಕ್ರವನ್ನು ತೆಗೆದು, ಕೆಳತೋಳಿನ ಬಾಲ್ ಜಾಯಿಂಟನ್ನೂ ಅಗತ್ಯವಿದ್ದರೆ ಟೈ ರಾಡ್ ತುದಿಯನ್ನೂ ಬಿಡಿಸಿದರೆ, ಚಕ್ರದ ಹಬ್ಬನ್ನು ಹೊರಕ್ಕೆ ಎಳೆದು ದಂಡವನ್ನು ಬಿಡಿಸಬಹುದು. ದಂಡದ ಮರೆಗಳ ಮೇಲೆ ನೇರವಾಗಿ ಸುತ್ತಿಗೆಯಿಂದ ಹೊಡೆದರೆ ಅವು ಹಾಳಾಗುತ್ತವೆ. ನಡುವೆ ಮರದ ತುಂಡನ್ನು ಇಡಬೇಕು. ಒಳತುದಿಯನ್ನು ಗೇರ್ ಪೆಟ್ಟಿಗೆಯಿಂದ ಹೊರಗೆಳೆಯುವಾಗ ಗೇರ್ ಆಯಿಲ್ ಸೋರುವುದರಿಂದ ಅದನ್ನು ಮೊದಲೇ ಪಾತ್ರೆಗೆ ಇಳಿಸಿಕೊಳ್ಳುವುದು ಮೇಲು.

ಕೆಲವು ಕಾರುಗಳಲ್ಲಿ ಹೊರಸಂಧಿ ಒಂದು ಸರ್ಕ್ಲಿಪ್ಪಿನಿಂದ ಮಾತ್ರ ದಂಡಕ್ಕೆ ಹಿಡಿದಿದ್ದು, ಬಿಡಿಸಲು ಬರುತ್ತದೆ. ಜಪಾನೀ ವಿನ್ಯಾಸದ ಹಲವು ಕಾರುಗಳಲ್ಲಿ ಅದನ್ನು ಬಿಡಿಸುವಂತಿಲ್ಲ. ಅಲ್ಲಿ ಒಳಸಂಧಿಯ ಟ್ರೈಪಾಡನ್ನು ಗುರುತು ಹಾಕಿಕೊಂಡು ತೆಗೆದು, ಹೊರಬೂಟನ್ನು ಆ ಕಡೆಯಿಂದಲೇ ಏರಿಸಬೇಕು. ಬೂಟನ್ನು ಜಾರಿಸುವಾಗ ದಂಡದ ಹಲ್ಲುಗಳಿಗೆ ಟೇಪ್ ಸುತ್ತದಿದ್ದರೆ ಹೊಸ ರಬ್ಬರು ಅಲ್ಲಿಯೇ ಕೊಯ್ದುಹೋಗುತ್ತದೆ.

ಹಳೆಯ ಗ್ರೀಸನ್ನು ಒಂದಿಷ್ಟೂ ಉಳಿಯದಂತೆ ಒರೆಸಿ, ತೊಳೆದು, ಪೂರ್ತಿ ಒಣಗಿಸಬೇಕು. ಕಾಲುವೆಗಳಲ್ಲಿ ಗುಳಿಗಳಿವೆಯೇ, ಪಂಜರದಲ್ಲಿ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕಾದುದು ಈಗಲೇ. ಬೂಟಿನ ಜೊತೆ ಬರುವ ಗ್ರೀಸ್, ಹೊರಸಂಧಿಯದಾದರೆ ಸಾಮಾನ್ಯವಾಗಿ ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸ್. ಅದರ ಬದಲು ಕೈಗೆ ಸಿಕ್ಕ ಬೇರಿಂಗ್ ಗ್ರೀಸ್ ತುಂಬಬಾರದು. ಪೊಟ್ಟಣದ ಗ್ರೀಸನ್ನು ಗುಂಡುಗಳ ನಡುವೆ ಒತ್ತಿ ತುಂಬಿ, ಉಳಿದುದನ್ನು ಬೂಟಿನೊಳಗೆ ಹಾಕಬೇಕು.

ಬೂಟಿನ ಎರಡೂ ಅಂಚುಗಳು ತಮ್ಮ ತಮ್ಮ ತೋಡುಗಳಲ್ಲಿ ಸರಿಯಾಗಿ ಕುಳಿತಿರಬೇಕು, ಅಲ್ಲಿ ಗ್ರೀಸ್ ಅಂಟಿರಬಾರದು. ಕಿರಿದಾದ ಅಂಚನ್ನು ಒಮ್ಮೆ ಎತ್ತಿ ಒಳಗೆ ಸಿಕ್ಕಿದ ಗಾಳಿಯನ್ನು ಬಿಟ್ಟ ಮೇಲೆಯೇ ಕ್ಲ್ಯಾಂಪ್ ಬಿಗಿಯಬೇಕು. ಇಲ್ಲವಾದರೆ ಬೂಟ್ ಉಬ್ಬಿ ಅಥವಾ ತಿರುಚಿ ಮತ್ತೆ ಬೇಗ ಹರಿಯುತ್ತದೆ. ಉಕ್ಕಿನ ಕ್ಲ್ಯಾಂಪಿನ ಬದಲು ಕಟ್ಟುವ ತಂತಿಯನ್ನೋ ಪ್ಲಾಸ್ಟಿಕ್ ಪಟ್ಟಿಯನ್ನೋ ಬಳಸುವುದು ನಮ್ಮಲ್ಲಿ ಸಾಮಾನ್ಯ, ಹೊಸ ಬೂಟ್ ಕೆಲವೇ ತಿಂಗಳಲ್ಲಿ ಸೋರುವುದಕ್ಕೆ ಅದೂ ಒಂದು ಕಾರಣ. ಮರುಜೋಡಣೆಯಲ್ಲಿ ಸರ್ಕ್ಲಿಪ್ ಮತ್ತು ಸ್ಪ್ಲಿಟ್ ಪಿನ್ ಹೊಸದಾಗಿರಬೇಕು. ಆಕ್ಸಲ್ ನಟ್ಟನ್ನು ಆಯಾ ಕಾರಿನ ಕೈಪಿಡಿ ಹೇಳುವ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಈ ಬಿಗಿತ ತಪ್ಪಿದರೆ ಚಕ್ರದ ಬೇರಿಂಗಿಗೆ ಹಾನಿ. ಗೇರ್ ಆಯಿಲನ್ನು ಮರಳಿ ತುಂಬುವುದನ್ನು ಮರೆಯುವಂತಿಲ್ಲ.

ತಾತ್ಕಾಲಿಕ ಉಪಾಯಗಳು

ದಂಡವನ್ನು ಬಿಚ್ಚದೆಯೇ ಹಾಕಬಹುದಾದ ಸೀಳು ಬೂಟುಗಳು ದೊರೆಯುತ್ತವೆ. ಉದ್ದಕ್ಕೂ ಸೀಳಿರುವ ಇವನ್ನು ದಂಡದ ಸುತ್ತ ಇರಿಸಿ ಅಂಟಿನಿಂದ ಅಥವಾ ಸಣ್ಣ ತಿರುಪುಗಳಿಂದ ಕೂಡಿಸುತ್ತಾರೆ. ಜೋಡಣೆಯ ಗೆರೆಗೆ ಗ್ರೀಸಿನ ಒಂದು ಹನಿ ತಾಗಿದರೂ ಅಂಟು ನಿಲ್ಲದು. ಗ್ರೀಸ್ ಮೆತ್ತಿದ ಕಾರಿನ ಕೆಳಗೆ ಆ ಶುದ್ಧಿಯನ್ನು ಕಾಪಾಡುವುದು ಕಷ್ಟ. ಇವನ್ನು ಹಾಕುವಾಗ ಸಂಧಿಯನ್ನು ಪೂರ್ತಿ ತೊಳೆಯಲು ಆಗುವುದಿಲ್ಲವೆಂಬುದು ಇನ್ನೂ ದೊಡ್ಡ ಕೊರತೆ. ಹರಿದ ಬೂಟಿಗೆ ಟೇಪ್ ಸುತ್ತುವುದು, ಸೈಕಲ್ ಟ್ಯೂಬಿನ ತುಂಡನ್ನು ಅಂಟಿಸುವುದು ಇವು ಮಡಿಕೆಗಳ ಆಟವನ್ನು ತಾಳಲಾರವು. ದೂರದ ಊರಿನಲ್ಲಿ ಬೂಟ್ ಹರಿದದ್ದು ತಿಳಿದರೆ, ಧೂಳಿನ ಮತ್ತು ನೀರು ನಿಂತ ರಸ್ತೆಗಳನ್ನು ಆದಷ್ಟು ತಪ್ಪಿಸಿ ನಿಧಾನವಾಗಿ ಹತ್ತಿರದ ಗ್ಯಾರೇಜಿನವರೆಗೆ ಹೋಗಲು ಅಡ್ಡಿಯಿಲ್ಲ. ಬಹುಕಾಲದಿಂದ ತಯಾರಿಕೆ ನಿಂತ ಕಾರುಗಳಿಗೆ ಬೂಟ್ ಕೊಳ್ಳುವಾಗ ರಬ್ಬರನ್ನು ಹಿಂಡಿ ನೋಡಬೇಕು. ಪೆಟ್ಟಿಗೆಯೊಳಗೇ ವರ್ಷಗಟ್ಟಲೆ ಕುಳಿತ ಬೂಟ್ ಹೊಸದಾಗಿ ಕಂಡರೂ ಮಡಿಕೆಯನ್ನು ಬಿಡಿಸಿದಾಗ ಬಿರುಕು ತೋರಿಸುತ್ತದೆ.