ಧೂಮಪಾನ ಮತ್ತು ಶ್ವಾಸನಾಳದ ಅತಿಸಂವೇದನೆ

ಶ್ವಾಸನಾಳದ ಅತಿಸಂವೇದನೆ ಎಂದರೆ ಹೊಗೆ, ದೂಳು, ತಣ್ಣನೆಯ ಗಾಳಿ ತಾಗಿದೊಡನೆ ಅದರ ಸ್ನಾಯು ಅತಿಯಾಗಿ ಬಿಗಿದು ಉಸಿರಿನ ದಾರಿ ಕಿರಿದಾಗುವ ಸ್ಥಿತಿ. ಪ್ರಯೋಗಾಲಯಗಳಲ್ಲಿ ಇದನ್ನು ಇಲಿಗಳಲ್ಲಿ, ಗಿನಿಪಿಗ್‌ಗಳಲ್ಲಿ ಪರೀಕ್ಷಿಸುತ್ತಾರೆ. ಸಿಗರೇಟು ಹೊಗೆ ಉಸಿರಾಡಿದ ಪ್ರಾಣಿಗೆ ಶ್ವಾಸನಾಳವನ್ನು ಬಿಗಿಸುವ ಹಿಸ್ಟಮಿನ್ ಅಥವಾ ಮೆಥಕೋಲಿನ್ ಅನ್ನು ಹಂತಹಂತವಾಗಿ ಹೆಚ್ಚಿಸಿ ಕೊಡುತ್ತ, ಯಾವ ಪ್ರಮಾಣದಲ್ಲಿ ಗಾಳಿಯ ಹರಿವಿಗೆ ತಡೆ ಏರಿತೆಂದು ಅಳೆಯುತ್ತಾರೆ. ಗಿನಿಪಿಗ್‌ಗಳಲ್ಲಿ ಅಲ್ಪಾವಧಿಯ ಹೊಗೆಗೇ ನಾಳದ ಒಳಪದರದ ತಡೆಗೋಡೆ ದುರ್ಬಲಗೊಂಡು, ಸಂವೇದನೆ ಹೆಚ್ಚಿದ್ದು ಕಂಡಿದೆ. ದೀರ್ಘಾವಧಿಯ ಚಿತ್ರ ಅಷ್ಟು ಸರಳವಲ್ಲ. ತಿಂಗಳುಗಟ್ಟಲೆ ಹೊಗೆ ಕುಡಿದ ಪ್ರಾಣಿಗಳಲ್ಲಿ ಸಣ್ಣ ನಾಳಗಳ ಗೋಡೆ ದಪ್ಪವಾಗುತ್ತದೆ, ಗಾಳಿಗೂಡುಗಳು ಹಿಗ್ಗಿ ಹಾಳಾಗುತ್ತವೆ. ಸಂವೇದನೆ ಮಾತ್ರ ಎಲ್ಲ ಪ್ರಯೋಗಗಳಲ್ಲೂ ಏರಿಲ್ಲ. ಪ್ರಾಣಿಯ ತಳಿ, ಹೊಗೆಯ ಪ್ರಮಾಣ, ಅವಧಿಗೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ.

ರಾಯಚೂರು ಜಿಲ್ಲೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಕಲ್ಲು ಕೊರೆಯುವವರು, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಬರುವ ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಹಮಾಲರು, ಮಸ್ಕಿ ಸೀಮೆಯಲ್ಲಿ ರಾಶಿ ಮಾಡುವ ಕೂಲಿಗಳು ದೂಳಿನಲ್ಲೇ ದುಡಿಯುತ್ತಾರೆ. ಅವರಲ್ಲಿ ಬೀಡಿ ಸೇದುವವರ ಶ್ವಾಸನಾಳಕ್ಕೆ ಹೊಗೆ, ದೂಳು ಎರಡರ ಪೆಟ್ಟೂ ಬೀಳುತ್ತದೆ. ಪ್ರಯೋಗದ ಪ್ರಾಣಿಗೆ ಈ ಎರಡನೆಯ ಹೊರೆ ಸಾಮಾನ್ಯವಾಗಿ ಇರುವುದಿಲ್ಲ. ಅದು ಮೂಗಿನಿಂದಷ್ಟೇ ಉಸಿರಾಡುತ್ತದೆ ಕೂಡ. ಹೀಗಾಗಿ ಆ ಫಲಿತಾಂಶಗಳನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ಕೆಮ್ಮು, ದಮ್ಮು ಇರುವ ದುಡಿಮೆಗಾರರಿಗೆ ಉಸಿರಿನ ಹರಿವನ್ನು ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆಯೇ ನೇರ ದಾರಿ.