ದಂಡಿನವರ ನಂದಿ, ಚಾರಣಿಗರ ನಂದಿ

ಶನಿವಾರ, ಭಾನುವಾರ ಬೆಳಕು ಹರಿಯುವ ಮೊದಲೇ ಹಲಸೂರು, ಇಂದಿರಾನಗರಗಳಿಂದ ನಂದಿಬೆಟ್ಟದತ್ತ ಹೊರಡುವ ಬೈಕು, ಕಾರುಗಳ ಸಾಲಿಗೆ ಹಳೆಯ ಹಿನ್ನೆಲೆಯೊಂದಿದೆ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಜ್ವರದಿಂದ ಬಳಲಿದ ಬ್ರಿಟಿಷ್ ಸೇನೆ 1809ರಲ್ಲಿ ಹಲಸೂರಿನ ಬಳಿ ದಂಡು ಪ್ರದೇಶವನ್ನು ಸ್ಥಾಪಿಸಿತು. ಬೇಸಿಗೆಯಲ್ಲಿ ಇಲ್ಲಿನ ತಂಪೂ ಸಾಲದೆನಿಸಿದಾಗ ಅಧಿಕಾರಿಗಳ ಕಣ್ಣು ಸುಮಾರು 60 ಕಿ.ಮೀ. ದೂರದ, 1,478 ಮೀಟರ್ ಎತ್ತರದ ನಂದಿದುರ್ಗದ ಮೇಲೆ ಬಿದ್ದಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಪಡೆಯಿಂದ ಗೆದ್ದುಕೊಂಡಿದ್ದ ಈ ಕೋಟೆ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲಕ್ಕೆ ಬೇಸಿಗೆ ಬಿಡಾರವಾಯಿತು. ಆತನ ಬಂಗಲೆ ಇಂದಿಗೂ ಬೆಟ್ಟದ ಮೇಲಿದೆ.

ಅಂದು ಬೆಟ್ಟದಲ್ಲಿ ತಂಗುತ್ತಿದ್ದವರು ಕೆಲವೇ ಮಂದಿ ಅಧಿಕಾರಿಗಳು. ಇಂದು ಸೂರ್ಯೋದಯ ನೋಡಲು ನೂರಾರು ವಾಹನಗಳು ಬರುತ್ತವೆ. ನಂದಿ, ಸ್ಕಂದಗಿರಿಗಳು ಗ್ರಾನೈಟ್ ಬೆಟ್ಟಗಳು. ಬಂಡೆಯ ಮೇಲಿನ ತೆಳುವಾದ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲು ಮತ್ತು ಕುರುಚಲು ಗಿಡಗಳು. ಕಾಲುದಾರಿ ಬಿಟ್ಟು ಅಡ್ಡದಾರಿ ಹಿಡಿದಲ್ಲೆಲ್ಲ ಹುಲ್ಲು ಸಾಯುತ್ತದೆ. ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. 2021ರ ಆಗಸ್ಟ್‌ನ ಭಾರಿ ಮಳೆಗೆ ಗುಡ್ಡ ಕುಸಿದು ನಂದಿಯ ರಸ್ತೆಯೇ ಕೊಚ್ಚಿಹೋದಾಗ, ಬೆಟ್ಟ ತಿಂಗಳುಗಟ್ಟಲೆ ಪ್ರವಾಸಿಗರಿಗೆ ಮುಚ್ಚಿತ್ತು. ಈ ಇಳಿಜಾರು ಎಷ್ಟು ಸೂಕ್ಷ್ಮವೆಂಬುದಕ್ಕೆ ಅದೇ ಸಾಕ್ಷಿ.

ಬೆಟ್ಟದ ಬುಡದ ಊರುಗಳ ಕಷ್ಟ ಎರಡು ಬಗೆಯದು. ಜನ ಬಂದರೆ ಟೀ, ಬೇಯಿಸಿದ ಜೋಳ ಮಾರುವವರಿಗೆ, ಬಾಡಿಗೆ ವಾಹನದವರಿಗೆ ನಾಲ್ಕು ಕಾಸು. ಜೊತೆಗೇ ಕಸ, ಗದ್ದಲ, ವಾಹನ ದಟ್ಟಣೆ. ಬೆಟ್ಟ ಮುಚ್ಚಿದರೆ ಗದ್ದಲವೂ ಇಲ್ಲ, ಕಾಸೂ ಇಲ್ಲ. ಆದ್ದರಿಂದ ನಿಷೇಧಕ್ಕಿಂತ ಮಿತಿಯೇ ಮೇಲು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ನುಗ್ಗಿದ ನಂತರ, ಮುಂಗಡ ನೋಂದಣಿಯಿಲ್ಲದ ಚಾರಣವನ್ನು ಸರ್ಕಾರ ತಡೆಯಿತು. ಅದೇ ವರ್ಷ ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿಯನ್ನೂ ಗೊತ್ತುಮಾಡಿತು.

ಇದು ಬೆಟ್ಟದವರ ಚಿಂತೆ ಮಾತ್ರವೆಂದು ನಗರದ ಪೂರ್ವಭಾಗದವರು ಭಾವಿಸುವಂತಿಲ್ಲ. ನಂದಿಯ ಗಿರಿಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ, ಹೊಸಕೋಟೆಯ ದೊಡ್ಡ ಕೆರೆಯನ್ನು ಹಾದು, ಕೆ.ಆರ್. ಪುರದ ಪೂರ್ವಕ್ಕೆ ತಮಿಳುನಾಡಿನತ್ತ ಸಾಗುತ್ತದೆ. ಈ ಹೊಳೆ ಬಹುಪಾಲು ಬತ್ತಿದೆ. ಹರಿಯುವಲ್ಲಿ ನಗರದ ಕೊಳಚೆಯನ್ನು ಹೊರುತ್ತಿದೆ. ಬೆಟ್ಟದ ಹುಲ್ಲು, ಮಣ್ಣು ಉಳಿದರಷ್ಟೇ ಅಲ್ಲಿನ ಮಳೆನೀರು ಇಂಗಿ ತೊರೆಗಳಿಗೆ ಇಳಿದೀತು. ವಾರಕ್ಕೊಮ್ಮೆ ನಂದಿ ಹತ್ತುವವರು, ಹತ್ತುತ್ತಿರುವುದು ತಮ್ಮ ಮನೆಯ ಸಮೀಪವೇ ಹರಿಯುವ ಹೊಳೆಯ ತವರನ್ನು.